ಲಘು ಪ್ರೇಮ ಕಾದಂಬರಿಯೊಂದು ಏಕೆ ಸಪ್ಪೆಯಾಯಿತು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಬಳ್ಳಾರಿಯಲ್ಲಿದ್ದೇನೆ. ಏಪ್ರಿಲ್‌ನಲ್ಲಿ ರಜೆಗೆ ಬಂದಿದ್ದ ಮಗಳು ‘ಬೀಚ್ ರೀಡ್ ಅಮ್ಮ, ಹಾಯಾಗಿ ಓದು’ ಎಂದು ಇಂಗ್ಲಿಷಿನ ಪ್ರೇಮ ಕಾದಂಬರಿಯೊಂದನ್ನು ಬಿಟ್ಟುಹೋದಳು. ಲಂಡನ್ನಿನಲ್ಲಿ ಕೆಲಸ ಕಳೆದುಕೊಂಡ ಹುಡುಗಿ, ಕಾರ್ನ್‌ವಾಲ್‌ನ ಕಡಲತೀರದ ಹಳ್ಳಿಯಲ್ಲಿ ತೀರಿಹೋದ ಸೋದರತ್ತೆ ಅವಳ ಪಾಲಿಗೆ ಬಿಟ್ಟ ಚಹಾ ಅಂಗಡಿ, ದೋಣಿ ದುರಸ್ತಿ ಮಾಡುವ ಊರಿನ ಯುವಕ, ಒಂದು ಬೇಸಿಗೆ, ನಾನೂರು ಪುಟ. ಅರ್ಧ ದಾಟುವಷ್ಟರಲ್ಲಿ ಬೇಸರ ಬಂತು, ಹಟಕ್ಕೆ ಮುಗಿಸಿದೆ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕಾದು ಓದಿ ಬೆಳೆದವಳು ನಾನು, ಪ್ರೇಮಕಥೆಯೆಂದರೆ ಮೂಗು ಮುರಿಯುವವಳಲ್ಲ. ಇಪ್ಪತ್ತನೆಯ ಪುಟಕ್ಕೇ ಅಂತ್ಯ ಗೊತ್ತಾಗಿದ್ದರಿಂದ ಹೀಗಾಯಿತೇ? ಲಘು ಸಾಹಿತ್ಯದಿಂದ ಹೆಚ್ಚು ನಿರೀಕ್ಷಿಸಿದ್ದು ನನ್ನದೇ ತಪ್ಪೇ? ಅದೇ ಲೇಖಕಿಯ ಇನ್ನೊಂದು ಪುಸ್ತಕವೂ ಮನೆಯಲ್ಲಿದೆ, ಓದಲೇ ಬೇಡವೇ?

ಉತ್ತರ: ಅಂತ್ಯ ಮೊದಲೇ ತಿಳಿದುಬಿಟ್ಟಿತೆಂಬ ಸಂದೇಹವನ್ನು ಮೊದಲು ಬದಿಗಿಡೋಣ, ಏಕೆಂದರೆ ನಿಮ್ಮ ಬೇಸರಕ್ಕೆ ಅದು ಕಾರಣವಾಗಿರಲು ಸಾಧ್ಯವೇ ಇಲ್ಲ. ‘ರುಕ್ಮಿಣಿ ಕಲ್ಯಾಣ’ ಅಥವಾ ‘ಸುಭದ್ರಾ ಕಲ್ಯಾಣ’ ಆಡುವ ಮೇಳದವರು ಕಥೆಯ ಅಂತ್ಯವನ್ನು ಪ್ರಸಂಗದ ಹೆಸರಿನಲ್ಲೇ ಸಾರಿಬಿಟ್ಟಿರುತ್ತಾರೆ. ಹಾಗಿದ್ದೂ ಜನ ರಾತ್ರಿಯಿಡೀ ಎಚ್ಚರವಾಗಿ ಕುಳಿತು ನೋಡುತ್ತಾರೆ, ಮದುವೆ ಆಗುತ್ತದೋ ಇಲ್ಲವೋ ಎಂಬ ಆತಂಕದಿಂದಲ್ಲ, ಹೇಗೆ ಆಗಗೊಡುತ್ತಾರೆ ಎಂಬ ಕುತೂಹಲದಿಂದ. ಇಂಗ್ಲಿಷಿನ ಪ್ರೇಮ ಕಾದಂಬರಿಗೂ ಇದೇ ಕರಾರು ಇದೆ. ಅಮೆರಿಕದ ಪ್ರೇಮ ಕಾದಂಬರಿಕಾರರ ಸಂಘ ಈ ಪ್ರಕಾರವನ್ನು ವ್ಯಾಖ್ಯಾನಿಸುವಾಗ ಎರಡೇ ಷರತ್ತುಗಳನ್ನು ಹಾಕಿತು: ಪ್ರೇಮವೇ ಕಥೆಯ ಕೇಂದ್ರವಾಗಿರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. 1984ರಲ್ಲಿ ಇಂಥ ಓದುಗರ ಬಗ್ಗೆ ಪುಸ್ತಕ ಬರೆದ ವಿದ್ವಾಂಸೆ ಜಾನಿಸ್ ರಾಡ್‌ವೇ ಅವರಿಗೆ, ಪುಸ್ತಕ ಕೊಳ್ಳುವ ಮುನ್ನ ಕೊನೆಯ ಪುಟಗಳನ್ನೇ ಓದಿ, ಎಲ್ಲ ಸುಖಾಂತವೆಂದು ಖಾತ್ರಿಯಾದ ಮೇಲೆ ಮೊದಲ ಪುಟಕ್ಕೆ ಬರುವ ಹೆಂಗಸರು ಸಿಕ್ಕಿದ್ದರು. ಅವರ ಓದು ಇದರಿಂದ ಕೆಡಲಿಲ್ಲ. ನಿಮ್ಮದನ್ನು ಕೆಡಿಸಿದ್ದು ಬೇರೆಯೇ.

ಪುಸ್ತಕವನ್ನು ತರಿಸಿಕೊಂಡು ಎರಡು ಸಂಜೆಗಳಲ್ಲಿ ನಾನೂ ಓದಿದೆ. ಲೇಖಕಿಯ ಹೆಸರಾಗಲಿ, ಪುಸ್ತಕದ ಹೆಸರಾಗಲಿ ಇಲ್ಲಿ ಬೇಡ, ಇದೇ ಅಚ್ಚಿನಲ್ಲಿ ಎರಕ ಹೊಯ್ದ ಕಾದಂಬರಿಗಳು ಪ್ರತಿ ಬೇಸಿಗೆಯಲ್ಲೂ ಹತ್ತಾರು ಬರುತ್ತವೆ. ಅದರ ರೋಗವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ನಮ್ಮ ಆಲಂಕಾರಿಕರ ಪರಿಭಾಷೆಗೇ ಹೋಗಬೇಕು. ಶೃಂಗಾರಕ್ಕೆ ಎರಡು ಬಗೆಯ ವಿಭಾವಗಳು, ಅಂದರೆ ಭಾವಕ್ಕೆ ಕಾರಣವಾಗುವ ಸಂಗತಿಗಳು, ಬೇಕೆಂದು ಅವರು ಹೇಳಿದರು. ಯಾರನ್ನು ಆಶ್ರಯಿಸಿ ರತಿಭಾವ ಹುಟ್ಟುತ್ತದೆಯೋ ಆ ವ್ಯಕ್ತಿ ಆಲಂಬನ, ಹುಟ್ಟಿದ ಭಾವವನ್ನು ಬೆಳೆಸುವ ಬೆಳದಿಂಗಳು, ತಂಗಾಳಿ, ಹೂವು, ಹಕ್ಕಿಯ ದನಿ ಇವೆಲ್ಲ ಉದ್ದೀಪನ. ಉದ್ದೀಪನವೆಂದರೆ ಹೊತ್ತಿದ ಬೆಂಕಿಗೆ ಬೀಸುವ ಗಾಳಿ. ಒಲೆಯಲ್ಲಿ ಕೆಂಡವೇ ಇಲ್ಲದಿದ್ದರೆ ಎಷ್ಟು ಊದಿದರೂ ಕಣ್ಣಿಗೆ ಬೂದಿ ಬೀಳುತ್ತದೆ, ಅಷ್ಟೆ. ನಿಮ್ಮ ಕಾದಂಬರಿಯಲ್ಲಿ ನಾನೂರು ಪುಟಗಳುದ್ದಕ್ಕೂ ಗಾಳಿ ಧಾರಾಳವಾಗಿ ಬೀಸಿದೆ, ಹೊತ್ತಿಕೊಳ್ಳಬೇಕಾದ ಇಬ್ಬರು ಮಾತ್ರ ಅಲ್ಲಿಲ್ಲ.

ನೀವು ಪತ್ರದ ಜೊತೆ ಬರೆದು ಕಳಿಸಿದ ಭಾಗವನ್ನೇ ತೆಗೆದುಕೊಳ್ಳಿ. ನಾಯಕ ನಾಯಕಿಯರು ಮೊದಲ ಬಾರಿಗೆ ಒಟ್ಟಿಗೆ ಸೂರ್ಯಾಸ್ತ ನೋಡುವ ಪುಟ ಅದು. ನೀರಿನ ಮೇಲೆ ಹೊಂಬಣ್ಣ ಹರಡುತ್ತದೆ, ಉಪ್ಪುಗಾಳಿಗೆ ಅವಳ ಕೂದಲು ಹಾರುತ್ತದೆ, ಅವನ ಕಣ್ಣುಗಳು ಕಡಲಿನಷ್ಟೇ ಆಳವಾಗಿ ಕಾಣುತ್ತವೆ, ಅವಳ ಎದೆ ಒಂದು ಕ್ಷಣ ಬಡಿಯುವುದನ್ನೇ ಮರೆಯುತ್ತದೆ. ನಾನು ಒಂದು ಪ್ರಯೋಗ ಮಾಡಿದೆ. ಆ ಪುಟದಲ್ಲಿ ನಾಯಕನ ಹೆಸರನ್ನು ಅಳಿಸಿ, ಮೊದಲ ಅಧ್ಯಾಯದಲ್ಲಿ ನಾಯಕಿಯನ್ನು ಕೈಬಿಟ್ಟ ಲಂಡನ್ನಿನ ಹಳೆಯ ಗೆಳೆಯನ ಹೆಸರನ್ನು ಬರೆದು ಓದಿದೆ. ಒಂದು ಪದವನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ. ನಾಯಕಿಯ ಜಾಗದಲ್ಲಿ ಅಂಗಡಿಗೆ ಹಾಲು ತಂದುಕೊಡುವ ಹುಡುಗಿಯನ್ನು ಕೂರಿಸಿದೆ, ಆಗಲೂ ಸೂರ್ಯ ಅಷ್ಟೇ ಅಂದವಾಗಿ ಮುಳುಗಿದ. ಇಬ್ಬರಲ್ಲಿ ಯಾರನ್ನು ಎತ್ತಿ ಯಾರನ್ನು ಇಟ್ಟರೂ ನಡೆಯುವ ಪ್ರೇಮದೃಶ್ಯದಲ್ಲಿ ಪ್ರೇಮಿಸುತ್ತಿರುವುದು ಕಡಲು ಮತ್ತು ಆಕಾಶ. ಮನುಷ್ಯರು ಅಲ್ಲಿ ಬಾಡಿಗೆಗೆ ಬಂದು ನಿಂತಿದ್ದಾರೆ.

ಬೇಸಿಗೆಯನ್ನು ಪ್ರೇಮಕಥೆಯೊಳಗೆ ತರುವುದು ಹೇಗೆಂದು ನೋಡಬೇಕಾದರೆ ನೀವು ತರಗತಿಯಲ್ಲಿ ಪಾಠ ಹೇಳಿರಬಹುದಾದ ಕಾಳಿದಾಸನ ಶಾಕುಂತಲಕ್ಕೆ ಹೋಗಬಹುದು. ಅಷ್ಟು ದೊಡ್ಡ ಕೃತಿಯನ್ನು ಇಲ್ಲಿಗೆ ಎಳೆತಂದದ್ದು ಅನ್ಯಾಯವೆನಿಸಿದರೆ ಕ್ಷಮಿಸಿ, ಆದರೆ ಅದೂ ಒಂದು ಬೇಸಿಗೆಯ ಪ್ರೇಮಕಥೆಯೇ. ಪ್ರಸ್ತಾವನೆಯಲ್ಲಿ ಸೂತ್ರಧಾರನು, ಈಗಷ್ಟೇ ಕಾಲಿಟ್ಟಿರುವ ಗ್ರೀಷ್ಮವನ್ನು ಕುರಿತು ಹಾಡೆಂದು ನಟಿಯನ್ನು ಕೇಳುತ್ತಾನೆ. ನಾಟಕ ಶುರುವಾಗುವುದೇ ಸೆಕೆಯ ಹಾಡಿನಿಂದ. ಮೂರನೆಯ ಅಂಕದ ಹೊತ್ತಿಗೆ ಆ ಸೆಕೆ ಕಥೆಯ ಒಳಗೇ ಬಂದು ಕೂರುತ್ತದೆ: ಶಕುಂತಲೆ ಮಲಗಿದ್ದಾಳೆ, ಪ್ರಿಯಂವದೆ ಲಾವಂಚದ ಲೇಪವನ್ನೂ ತಾವರೆ ಎಲೆಗಳನ್ನೂ ಹೊತ್ತು ಓಡಾಡುತ್ತಿದ್ದಾಳೆ, ಕೇಳಿದವರಿಗೆಲ್ಲ ಗೆಳತಿಗೆ ಬಿಸಿಲಿನ ಝಳ ಬಡಿದಿದೆಯೆಂದು ಹೇಳುತ್ತಿದ್ದಾಳೆ. ಮರೆಯಲ್ಲಿ ನಿಂತು ನೋಡುವ ದುಷ್ಯಂತನಿಗೆ ಇದು ಬಿಸಿಲಿನ ತಾಪವೋ, ತನ್ನ ಮನಸ್ಸಿನಲ್ಲಿರುವ ತಾಪವೇ ಅವಳಲ್ಲೂ ಇದೆಯೋ ಎಂಬ ಅನುಮಾನ. ಎರಡೂ ತಾಪಗಳು ಒಂದೇ ತೆರನಾದರೂ, ಬರೀ ಬೇಸಿಗೆ ಹೆಣ್ಣುಮಕ್ಕಳನ್ನು ಇಷ್ಟು ಚೆಲುವಾಗಿ ಬಳಲಿಸುವುದಿಲ್ಲವಲ್ಲ ಎಂದು ಅವನು ತರ್ಕಿಸುತ್ತಾನೆ. ಎಷ್ಟು ಸೊಗಸಾದ, ಎಷ್ಟು ಹಗುರವಾದ ತಮಾಷೆ ನೋಡಿ! ಇಲ್ಲಿ ಋತು ಹಿಂದೆ ತೂಗುಹಾಕಿದ ಪರದೆಯಾಗಿ ಉಳಿದಿಲ್ಲ. ಅದು ಒಬ್ಬಳ ಮೈಯ ಮೇಲೆ ಕೆಲಸ ಮಾಡುತ್ತಿದೆ, ಗೆಳತಿಯರ ಬಾಯಲ್ಲಿ ನೆಪವಾಗಿದೆ, ನೋಡುವವನಿಗೆ ಒಗಟಾಗಿದೆ. ಬೇಸಿಗೆಯನ್ನು ತೆಗೆದರೆ ಆ ದೃಶ್ಯವೇ ಕುಸಿಯುತ್ತದೆ.

ಕಾರ್ನ್‌ವಾಲ್‌ನ ಬೇಸಿಗೆಗೂ ಅಂಥ ಗುಣಗಳು ಬೇಕಾದಷ್ಟಿವೆ, ಲೇಖಕಿ ಅವುಗಳನ್ನು ಮುಟ್ಟಿಯೂ ನೋಡಿಲ್ಲ. ಮೇ ತಿಂಗಳಲ್ಲಿ ನಾಯಕಿ ತೆಳುವಾದ ಉಡುಪಿನಲ್ಲಿ ಕಡಲಿಗಿಳಿದು ಅರ್ಧ ಗಂಟೆ ಈಜಿ, ನಗುನಗುತ್ತ ದಡಕ್ಕೆ ಬಂದು ಮಾತಿಗೆ ನಿಲ್ಲುತ್ತಾಳೆ. ಆ ತಿಂಗಳು ಅಲ್ಲಿಯ ನೀರು ಸುಮಾರು 12 ಡಿಗ್ರಿ ಇರುತ್ತದೆ, ಆಗಸ್ಟಿನಲ್ಲೂ 16-17 ದಾಟುವುದು ಅಪರೂಪ. 40 ಡಿಗ್ರಿಯ ಬಳ್ಳಾರಿಯಲ್ಲಿ ಕುಳಿತು ಓದುವ ನಿಮಗೆ ಅಷ್ಟು ತಣ್ಣೀರು ಅಮೃತವೆನಿಸಬಹುದು, ಆದರೆ ಅದರಲ್ಲಿ ಅರ್ಧ ಗಂಟೆ ಕಳೆದವರಿಗೆ ಹಲ್ಲು ಕಟಕಟಿಸುತ್ತದೆ, ಬೆರಳುಗಳು ಮರಗಟ್ಟಿ ಗುಂಡಿ ಹಾಕಿಕೊಳ್ಳಲೂ ಬರುವುದಿಲ್ಲ. ಆ ಗುಂಡಿಯನ್ನು ಯಾರೋ ಹಾಕಿಕೊಡಬೇಕಾದೀತು, ಹಾಕಿಕೊಡುವವನಿಗೆ ಸಂಕೋಚವಾದೀತು, ಅಲ್ಲಿಂದ ಒಂದು ದೃಶ್ಯ ತಾನಾಗಿಯೇ ಹುಟ್ಟುತ್ತಿತ್ತು. ಇನ್ನೊಂದು ಅಧ್ಯಾಯದಲ್ಲಿ ಇಬ್ಬರೂ ಮರಾಜಿಯನ್ ಊರಿನ ಎದುರಿಗಿರುವ ಸೇಂಟ್ ಮೈಕಲ್ಸ್ ಮೌಂಟ್ ಎಂಬ ದ್ವೀಪದ ಕೋಟೆಗೆ ಕಲ್ಲುಹಾಸಿನ ದಾರಿಯಲ್ಲಿ ನಡೆದುಹೋಗಿ, ಮನಸ್ಸಿಗೆ ಬಂದಷ್ಟು ಹೊತ್ತು ಇದ್ದು, ಮನಸ್ಸಿಗೆ ಬಂದಾಗ ನಡೆದುಬರುತ್ತಾರೆ. ಆ ದಾರಿ ಇಳಿತದ ಹೊತ್ತಿನಲ್ಲಿ ಮಾತ್ರ ನೀರಿನಿಂದ ಮೇಲೇಳುತ್ತದೆ, ಭರತ ಬಂತೆಂದರೆ ಮುಳುಗಿಹೋಗುತ್ತದೆ. ಇಬ್ಬರನ್ನು ಒಂದೆಡೆ ಕೂಡಿಹಾಕಲು ಅಥವಾ ಆಡಬೇಕಾದ ಮಾತನ್ನು ಬೇಗ ಆಡಿಸಲು ಕಡಲೇ ಗಡಿಯಾರ ಹಿಡಿದು ನಿಂತಿದ್ದರೂ, ಲೇಖಕಿ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಇನ್ನು ಅಡ್ಡಿಯ ವಿಷಯ. ಪ್ರೇಮ ಕಾದಂಬರಿಯ ಎಂಟು ಅಂಗಗಳನ್ನು ಗುರುತಿಸಿ 2003ರಲ್ಲಿ ಪುಸ್ತಕ ಬರೆದ ಅಮೆರಿಕದ ವಿಮರ್ಶಕಿ ಪಮೇಲಾ ರೀಜಿಸ್, ಭೇಟಿ, ಆಕರ್ಷಣೆ, ನಿವೇದನೆಗಳ ಜೊತೆಗೆ ಅಡ್ಡಿಯನ್ನೂ ಒಂದು ಅಂಗವೆಂದೇ ಎಣಿಸಿದರು. ನನ್ನ ಮಟ್ಟಿಗೆ ಮಿಕ್ಕ ಏಳೂ ಇದೊಂದರ ಮೇಲೆ ನಿಂತಿವೆ. ನಿಮ್ಮ ಕಾದಂಬರಿಯಲ್ಲಿ ಅಡ್ಡಿ ಕಾಣಿಸಿಕೊಳ್ಳುವುದು 260ನೆಯ ಪುಟದ ಹೊತ್ತಿಗೆ: ಬಂದರಿನ ಕಟ್ಟೆಯ ಮೇಲೆ ನಾಯಕ ಬೇರೊಬ್ಬ ಹೆಣ್ಣನ್ನು ಅಪ್ಪಿಕೊಂಡದ್ದನ್ನು ನಾಯಕಿ ದೂರದಿಂದ ನೋಡುತ್ತಾಳೆ. ಮುಂದಿನ ತೊಂಬತ್ತು ಪುಟಗಳ ಕಾಲ ಅವಳು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ಕೊನೆಗೆ ಆಕೆ ಅವನ ತಂಗಿ ಎಂದು ಗೊತ್ತಾಗುತ್ತದೆ. ನಾನು ಕೆಲವು ವರ್ಷ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಗಳ ಹಸ್ತಪ್ರತಿ ಓದುವ ಕೆಲಸ ಮಾಡಿದ್ದೇನೆ. ನಮ್ಮ ಕಚೇರಿಯಲ್ಲಿ ಇದಕ್ಕೆ ‘ತಂಗಿಯ ಗಂಟು’ ಎಂದೇ ಹೆಸರಿಟ್ಟಿದ್ದೆವು. ಹಸ್ತಪ್ರತಿಯ ಅಂಚಿನಲ್ಲಿ ‘ತಂ.ಗಂ.’ ಎಂದು ಪೆನ್ಸಿಲಿನಲ್ಲಿ ಗುರುತು ಬಿತ್ತೆಂದರೆ ಅದು ಲೇಖಕರಿಗೆ ಮರಳಿ ಹೋಗುತ್ತಿತ್ತು. ಎರಡು ನಿಮಿಷದ ಮಾತಿನಿಂದ ಬಿಚ್ಚಿಕೊಳ್ಳುವ ಗಂಟಿಗೆ ತೊಂಬತ್ತು ಪುಟ ಕೊಟ್ಟರೆ ಓದುಗರಿಗೆ ಪಾತ್ರಗಳ ಮೇಲೆ ಕನಿಕರ ಹುಟ್ಟುವುದಿಲ್ಲ, ಸಿಟ್ಟು ಹುಟ್ಟುತ್ತದೆ. ನೀವು ಪತ್ರದಲ್ಲಿ ‘ಒಂದು ಮಾತು ಕೇಳಬಾರದೇ ಈ ಹುಡುಗಿ’ ಎಂದು ಬರೆದಿದ್ದೀರಿ. ಬೇಸರ ಶುರುವಾದದ್ದು ಬಹುಶಃ ಅಲ್ಲಿಯೇ.

ಹಾಗೆಂದು ತಪ್ಪು ತಿಳಿವಳಿಕೆಯ ಮೇಲೆ ಕಥೆ ಕಟ್ಟಲೇಬಾರದೆಂದಲ್ಲ. 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ತಪ್ಪು ತಿಳಿವಳಿಕೆಯ ಮೇಲೆಯೇ ನಿಂತಿದೆ. ಆದರೆ ಆಕೆ ಅದನ್ನು ಎಲ್ಲಿ ಬಿಡಿಸುತ್ತಾರೆ ನೋಡಿ. ಒಟ್ಟು 61 ಅಧ್ಯಾಯಗಳ ಕಾದಂಬರಿಯಲ್ಲಿ 34ನೆಯದರಲ್ಲಿ ನಾಯಕ ಡಾರ್ಸಿ ಮದುವೆಯ ಪ್ರಸ್ತಾಪ ಮಾಡಿ ಬೈಸಿಕೊಳ್ಳುತ್ತಾನೆ, 35ನೆಯದರಲ್ಲಿ ಅವನ ಪತ್ರ ನಾಯಕಿ ಎಲಿಜಬೆತ್‌ಳ ಕೈಸೇರುತ್ತದೆ, ಅವನ ವಿರುದ್ಧ ಅವಳು ನಂಬಿದ್ದ ಮುಖ್ಯ ಆರೋಪ ಸುಳ್ಳೆಂದು ಅಲ್ಲಿಯೇ ಬಯಲಾಗುತ್ತದೆ. ಅರ್ಧ ದಾರಿಯಲ್ಲೇ ಗಂಟು ಬಿಚ್ಚಿಕೊಂಡಿತು, ಕಥೆ ಮುಗಿಯಬೇಕಿತ್ತಲ್ಲವೇ? ಮುಗಿಯುವುದಿಲ್ಲ. ಜನರನ್ನು ಒಂದೇ ನೋಟಕ್ಕೆ ಅಳೆದುಬಿಡಬಲ್ಲೆನೆಂದು ಬೀಗುತ್ತಿದ್ದ ಹುಡುಗಿಗೆ ಈಗ ತನ್ನ ಅಳತೆಗೋಲೇ ಡೊಂಕೆಂದು ಗೊತ್ತಾಗಿದೆ. ಅವನ ಬಗ್ಗೆ ಇದ್ದ ತಪ್ಪು ಹೋಗಿ ತನ್ನ ಬಗ್ಗೆ ಇದ್ದ ತಪ್ಪು ಎದುರಿಗೆ ನಿಂತಿದೆ, ತಾನೇ ಬೈದು ಕಳಿಸಿದವನನ್ನು ಮತ್ತೆ ಕರೆಯುವ ದಾರಿಯೂ ಇಲ್ಲ. ನಾನು ಹಸ್ತಪ್ರತಿಗಳಿಗೆ ಹಿಡಿಯುತ್ತಿದ್ದ ಒರೆಗಲ್ಲು ಇದೇ: ತಪ್ಪು ತಿಳಿವಳಿಕೆ ಕಳೆದ ಮೇಲೆ ಪಾತ್ರಗಳಿಗೆ ಇನ್ನೂ ಕಷ್ಟವೇನಾದರೂ ಉಳಿದಿದೆಯೇ? ನಿಮ್ಮ ನಾಯಕಿಗೆ ಏನೂ ಉಳಿಯಲಿಲ್ಲ. ತಂಗಿಯೆಂದು ತಿಳಿದ ಮರುಪುಟದಲ್ಲಿ ಆಲಿಂಗನ, ಅದರ ಮರುಪುಟದಲ್ಲಿ ಮತ್ತೊಂದು ಸೂರ್ಯಾಸ್ತ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ಈ ಲೇಖಕಿಯ ಕೈಯಲ್ಲಿ ನಿಜವಾದ ಅಡ್ಡಿಯೊಂದು ಇತ್ತು, ಅದನ್ನು ಅವರೇ ಬಿಸಾಡಿದರು. ನೂರು ಪುಟ ದಾಟಿದ ಮೇಲೆ ದೋಣಿಮನೆಯಲ್ಲಿ ನಾಯಕನ ಗೆಳೆಯನೊಬ್ಬ, ಮೇ ಬಂತು, ಮನೆ ಖಾಲಿ ಮಾಡಬೇಕು ಎಂದು ಗೊಣಗುತ್ತಾನೆ. ನೀವು ಅದನ್ನು ಗಮನಿಸದೆ ಹೋಗಿರಬಹುದು, ಲೇಖಕಿಯೂ ಮತ್ತೆ ಅದರ ಸುದ್ದಿಗೆ ಹೋಗಿಲ್ಲ. ಕಾರ್ನ್‌ವಾಲ್‌ನಲ್ಲಿ ಚಳಿಗಾಲಕ್ಕಷ್ಟೇ ಮನೆ ಬಾಡಿಗೆಗೆ ಕೊಡುವ ಪದ್ಧತಿ ಉಂಟು. ಬೇಸಿಗೆ ಬರುತ್ತಿದ್ದಂತೆ ಅದೇ ಮನೆಯನ್ನು ಪ್ರವಾಸಿಗರಿಗೆ ವಾರದ ಲೆಕ್ಕದಲ್ಲಿ ಕೊಟ್ಟರೆ ಹಲವು ಪಟ್ಟು ಹಣ ಬರುತ್ತದೆ, ಹಾಗಾಗಿ ಊರಿನವರೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಲಂಡನ್ನಿನವರು ರಜೆಗೆಂದು ಎರಡನೆಯ ಮನೆ ಕೊಂಡು ಬೆಲೆ ಏರಿಸಿಬಿಟ್ಟಿದ್ದಾರೆಂಬ ಸಿಟ್ಟು ಅಲ್ಲಿ ಎಷ್ಟಿದೆಯೆಂದರೆ, ಸೇಂಟ್ ಐವ್ಸ್ ಎಂಬ ಕಡಲತೀರದ ಪಟ್ಟಣದವರು 2016ರಲ್ಲಿ, ಇನ್ನು ಮುಂದೆ ಕಟ್ಟುವ ಮನೆಗಳು ಅಲ್ಲಿಯೇ ವಾಸಿಸುವವರಿಗೆ ಮೀಸಲಾಗಬೇಕೆಂಬ ನಿಯಮಕ್ಕೆ ದೊಡ್ಡ ಬಹುಮತದಿಂದ ಮತ ಹಾಕಿದರು. ಈಗ ನಮ್ಮ ಕಥೆಗೆ ಬನ್ನಿ. ಲಂಡನ್ನಿನ ಹುಡುಗಿಗೆ ಅತ್ತೆಯ ಮನೆ ಪುಕ್ಕಟೆಯಾಗಿ ಬಂದಿದೆ, ಅಂಗಡಿ ಉಳಿಸಿಕೊಳ್ಳಲು ಮಹಡಿಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಯೋಚನೆಯಲ್ಲಿದ್ದಾಳೆ. ಅವಳು ಮೆಚ್ಚಿದವನು ಹುಟ್ಟಿದ ಊರಿನಲ್ಲೇ ಸೂರಿಲ್ಲದೆ ಬೇಸಿಗೆಯ ನಾಲ್ಕು ತಿಂಗಳು ದೋಣಿಮನೆಯಲ್ಲಿ ಮಲಗುವವನು. ಪ್ರವಾಸಿಗರಿಗೆ ಹಬ್ಬವಾಗಿರುವ ಬೇಸಿಗೆಯೇ ಇವರಿಬ್ಬರ ನಡುವಿನ ಗೋಡೆ. ಇಬ್ಬರೂ ಒಳ್ಳೆಯವರೇ, ಇಬ್ಬರ ಅಗತ್ಯವೂ ನ್ಯಾಯವಾದದ್ದೇ, ಎರಡು ನಿಮಿಷದ ಮಾತಿನಿಂದ ಬಗೆಹರಿಯುವಂಥದ್ದಂತೂ ಅಲ್ಲ. ಇಂಥ ವಿಷಯ ತಂದರೆ ಪುಸ್ತಕ ಭಾರವಾಗುತ್ತದೆಂದು ಯಾರಾದರೂ ಹೇಳಿಯಾರು. ನಾನು ಒಪ್ಪುವುದಿಲ್ಲ. ಪ್ರವಾಸಿಗರು ಮಹಡಿಯಲ್ಲಿ ಮೀನಿನ ವಾಸನೆಯೆಂದು ದೂರುವುದರಿಂದ ಹಿಡಿದು, ನಾಯಕ ತನ್ನ ಬಾಲ್ಯದ ಮನೆಯ ಮುಂದೆ ಅಪರಿಚಿತರಿಗೆ ದಾರಿ ತೋರಿಸುವವರೆಗೆ ಎಷ್ಟು ನಗೆ, ಎಷ್ಟು ಕಸಿವಿಸಿ ಅದರಲ್ಲಿ ಅಡಗಿತ್ತು!

ಗಾತ್ರವೂ ತನ್ನ ಪಾಲಿನ ಕೆಡುಕು ಮಾಡಿದೆ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆ ಆರಂಭದಲ್ಲಿ ಎಲ್ಲ ಬಗೆಯ ಪುಸ್ತಕಗಳನ್ನೂ ಹಾಕುತ್ತಿತ್ತು, 1930ರ ದಶಕದಲ್ಲಿ ಪ್ರೇಮ ಕಾದಂಬರಿಗೇ ಅಂಟಿಕೊಂಡಿತು. ನಿಮ್ಮ ಓರಗೆಯವರು ಕಾಲೇಜಿನಲ್ಲಿ ನೋಟ್‌ಬುಕ್ಕಿನೊಳಗೆ ಬಚ್ಚಿಟ್ಟು ಓದಿದ ಆ ತೆಳು ಪುಸ್ತಕಗಳು ಐವತ್ತು ಸಾವಿರ ಪದಗಳ ಆಸುಪಾಸಿನಲ್ಲಿ ಮುಗಿಯುತ್ತಿದ್ದವು. ಸಣ್ಣ ಗಂಟಿಗೆ ಸಣ್ಣ ಹಗ್ಗ. ಈಗಿನ ಬೇಸಿಗೆ ಕಾದಂಬರಿ ಅದರ ಎರಡರಷ್ಟಿದ್ದರೂ ಗಂಟು ಅಷ್ಟೇ ಇದೆ, ಮಿಕ್ಕ ಹಗ್ಗವನ್ನು ಕೇಕಿನ ವರ್ಣನೆಯಿಂದಲೂ ಕಡಲಿನ ವರ್ಣನೆಯಿಂದಲೂ ಹೊಸೆದಿದ್ದಾರೆ.

ಆದರೆ ಪುಸ್ತಕದಲ್ಲಿ ಒಂದು ದೃಶ್ಯ ಬಹಳ ಚೆನ್ನಾಗಿದೆ, ಅದನ್ನು ಹೇಳದಿದ್ದರೆ ಲೇಖಕಿಗೆ ಅನ್ಯಾಯ. ಸ್ಕೋನ್ ಎಂಬ ಮೆತ್ತನೆಯ ಬನ್ನಿಗೆ ಕಾರ್ನ್‌ವಾಲ್‌ನವರು ಮೊದಲು ಜಾಮ್ ಸವರಿ ಮೇಲೆ ಕೆನೆ ಹಾಕುತ್ತಾರೆ, ಪಕ್ಕದ ಡೆವನ್‌ನವರು ಮೊದಲು ಕೆನೆ ಹಾಕಿ ಮೇಲೆ ಜಾಮ್ ಸುರಿಯುತ್ತಾರೆ. ಈ ಕ್ರಮದ ಬಗ್ಗೆ ಎರಡೂ ಕಡೆಯವರಿಗೆ ಮಡಿವಂತರ ಹಟ. ನಾಯಕಿಯ ತಾಯಿ ಡೆವನ್‌ನವಳು. ಅಂಗಡಿ ತೆರೆದ ಮೊದಲ ದಿನ ಅವಳು ಕೆನೆ ಮೊದಲು ಹಾಕಿ ತಟ್ಟೆ ಮುಂದಿಡುತ್ತಾಳೆ. ನಾಯಕ ಮಾತಾಡದೆ ಮೇಲಿನ ಜಾಮನ್ನೂ ಕೆಳಗಿನ ಕೆನೆಯನ್ನೂ ಚಾಕುವಿನಿಂದ ಬೇರೆಬೇರೆ ಕೆರೆದು ತಟ್ಟೆಯಂಚಿಗೆ ತೆಗೆದು, ಜಾಮನ್ನು ಮೊದಲು ಸವರಿ, ಕೆನೆಯನ್ನು ಅದರ ಮೇಲೆ ಕೂರಿಸಿ, ಪೂರ್ತಿ ತಿಂದು, ಎರಡನೆಯದನ್ನು ಕೇಳುತ್ತಾನೆ. ಅವಳು ಎರಡನೆಯದನ್ನೂ ಬೇಕೆಂದೇ ಕೆನೆ ಮೊದಲು ಹಾಕಿ ಕೊಡುತ್ತಾಳೆ. ಒಂದೂವರೆ ಪುಟದ ದೃಶ್ಯ, ಕಡಲೂ ಇಲ್ಲ, ಗಾಳಿಯೂ ಇಲ್ಲ. ಅವನ ಹಟ, ಅವನ ಸೌಜನ್ಯ, ಅವಳ ತುಂಟತನ, ಅವಳ ಪರಕೀಯತೆ ಎಲ್ಲ ಆ ತಟ್ಟೆಯಲ್ಲಿದೆ. ನಾನು ಹೇಳಿದ ಹೆಸರು ಅಳಿಸುವ ಪ್ರಯೋಗವನ್ನು ಇಲ್ಲಿ ಮಾಡಿ ನೋಡಿ, ಬೇರೆ ಯಾರನ್ನೂ ಕೂರಿಸಲು ಬರುವುದಿಲ್ಲ. ಬರೆಯಬಲ್ಲವರು ಬರೆಯದೆ ಬಿಟ್ಟ ಪುಸ್ತಕವಿದು, ನಿಮ್ಮ ನಿರಾಶೆಯಲ್ಲಿ ಅದರ ಪಾಲೂ ಇದ್ದೀತು.

ನಿಮ್ಮ ಮಗಳ ಮಾತಿಗೆ ಬರೋಣ. ಬೀಚ್ ರೀಡ್ ಎಂದರೆ ಹಾಯಾಗಿ ಓದುವಂಥದ್ದು ಎಂದಳಲ್ಲ, ಅದರಲ್ಲಿ ತಪ್ಪೇನಿಲ್ಲ, ನಾವೆಲ್ಲರೂ ಹಾಯಾಗಿರಲು ಓದುತ್ತೇವೆ. ಆದರೆ ಹಗುರವಾದದ್ದು ಬೇರೆ, ಟೊಳ್ಳಾದದ್ದು ಬೇರೆ. ಹಪ್ಪಳ ಹಗುರವಾಗಿರುತ್ತದೆಂದು ಉಪ್ಪು, ಇಂಗು, ಜೀರಿಗೆಗಳ ಹದವನ್ನು ಯಾರೂ ಕೈಬಿಡುವುದಿಲ್ಲ. ನಮ್ಮಲ್ಲಿಯೂ ಹೆಂಗಸರು ಮುಗಿಬಿದ್ದು ಓದಿದ ಕಾದಂಬರಿಗಳನ್ನು ವಿಮರ್ಶಕರು ಜನಪ್ರಿಯವೆಂಬ ಒಂದೇ ಪದದಲ್ಲಿ ಮೂಲೆಗೆ ತಳ್ಳಿದ ಕಾಲವಿತ್ತು. ಆ ಸಾಲಿನಲ್ಲಿ ತ್ರಿವೇಣಿಯವರಂಥವರೂ ಇದ್ದರು, ಮೂವತ್ತನಾಲ್ಕನೆಯ ವಯಸ್ಸಿಗೇ, 1963ರಲ್ಲಿ, ತೀರಿಕೊಂಡ ಆಕೆ ಅಷ್ಟರಲ್ಲೇ ಹೆಣ್ಣಿನ ಮನಸ್ಸಿನ ಸಂಕಟಗಳನ್ನು ಅಷ್ಟು ಸರಾಗವಾಗಿ ಓದಿಸಿಕೊಳ್ಳುವ ಕಥೆಗಳಲ್ಲಿ ಇಟ್ಟಿದ್ದರು. ಧಾರಾವಾಹಿಯ ಮುಂದಿನ ಕಂತಿಗೆ ವಾರವಿಡೀ ಕಾಯುತ್ತಿದ್ದ ನಿಮ್ಮಂಥವರಿಗೆ ಯಾವುದು ಜೀವಂತ, ಯಾವುದು ಕಾಗದದ ಹೂವು ಎಂಬುದು ಯಾರೂ ಕಲಿಸದೆಯೇ ಗೊತ್ತಿತ್ತು. ರಾಡ್‌ವೇ ಅವರ ಪುಸ್ತಕದಲ್ಲಿಯೂ ಕೆಟ್ಟುಹೋದ ಪ್ರೇಮ ಕಾದಂಬರಿಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ಅದು ನಿಂತಿರುವುದು ಓದುಗ ಹೆಂಗಸರ ಖಡಾಖಂಡಿತ ತೀರ್ಪುಗಳ ಮೇಲೆ. ಹೆಚ್ಚು ಓದುವವರೇ ಹೆಚ್ಚು ನಿಷ್ಠುರರು. ನೀವು ನಿರೀಕ್ಷಿಸಿದ್ದು ಹೆಚ್ಚೇನೂ ಆಗಿರಲಿಲ್ಲ.

ಮನೆಯಲ್ಲಿರುವ ಎರಡನೆಯ ಪುಸ್ತಕವನ್ನು ಓದಿ, ಆದರೆ ಹಟಕ್ಕೆ ಮುಗಿಸಬೇಡಿ. ನಾಯಕ ನಾಯಕಿಯರು ಮೊದಲು ಭೇಟಿಯಾಗುವ ಅಧ್ಯಾಯವನ್ನು ಓದಿ, ಬಳಿಕ ಸರಿಯಾಗಿ ನಡುವಿನ ಅಧ್ಯಾಯವೊಂದನ್ನು ತೆರೆದು ಇಬ್ಬರೂ ಯಾವ ಕಾರಣಕ್ಕೆ ದೂರವಿದ್ದಾರೆಂದು ನೋಡಿ. ಸ್ಕೋನಿನ ತಟ್ಟೆಯಂಥದ್ದು ಎಲ್ಲಾದರೂ ಕಂಡರೆ ಮುಂದುವರಿಯಿರಿ. ಬಂದರಿನ ಕಟ್ಟೆಯ ಮೇಲೆ ಯಾರೋ ಯಾರನ್ನೋ ಅಪ್ಪಿಕೊಂಡಿದ್ದರೆ, ಆಕೆ ತಂಗಿಯೋ ಅಲ್ಲವೋ ಎಂದು ಕೊನೆಯ ಪುಟ ತಿರುಗಿಸಿ ನೋಡಿ, ಪುಸ್ತಕವನ್ನು ಮಗಳ ಬ್ಯಾಗಿಗೆ ಹಾಕಿಬಿಡಿ.